ಮುಖ ಒಬ್ಬರದು, ಸಹಿ ಇನ್ನೊಬ್ಬರದು: ಅಭಿಮಾನಿಗಳ ಹಣದಲ್ಲಿ ಶುರುವಾದ ಒಂದು ಗೇಮ್‌ನ ಪ್ರಕರಣ

ಹೋದ ತಿಂಗಳು ಅಕ್ಕನ ಮಗ ಫೋನ್ ಮಾಡಿದ್ದ. ಅವನಿಗೆ ಒಂದು ಯೂಟ್ಯೂಬ್ ಚಾನೆಲ್ ಇದೆ. ಹಳೇ ಕೆರೆ, ಕಲ್ಯಾಣಿ, ತೂಬು, ಇಂಥವನ್ನು ಹುಡುಕಿಕೊಂಡು ಹೋಗಿ ವಿಡಿಯೊ ಮಾಡುತ್ತಾನೆ. ನೋಡುವವರು ಕೆಲವೇ ಸಾವಿರ ಜನ. ಆದರೆ ಅವರು ಒಂದನ್ನೂ ತಪ್ಪಿಸದೆ ನೋಡುತ್ತಾರೆ. "ಮಾವ, ಕೆರೆಗಳ ಮೇಲೆ ಒಂದು ದೊಡ್ಡ ಸಾಕ್ಷ್ಯಚಿತ್ರ ಮಾಡ್ಬೇಕು ಅಂತಿದ್ದೀನಿ. ವಿಡಿಯೊ ಕೊನೇಲಿ ಕ್ಯೂಆರ್ ಕೋಡ್ ಹಾಕಿ ದುಡ್ಡು ಕೇಳ್ಲಾ?" ಅಂದ.

ಹೂಂ ಅನ್ನಲೂ ಆಗಲಿಲ್ಲ, ಬೇಡ ಅನ್ನಲೂ ಮನಸ್ಸು ಬರಲಿಲ್ಲ. ಅವನ ಕೆಲಸ ಒಳ್ಳೆಯದು, ಅದಕ್ಕೆ ಹಣ ಬೇಕು ಅನ್ನುವುದೂ ನಿಜ. ಕೊನೆಗೆ ನನಗೆ ಗೊತ್ತಿದ್ದ ಒಂದು ಪ್ರಕರಣವನ್ನು ಅವನಿಗೆ ಹೇಳಿದೆ. ಅದನ್ನೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಇದು ನಿಜವಾಗಿ ನಡೆದದ್ದು, ಸುದ್ದಿಯಲ್ಲೂ ಬಂದದ್ದು. ಆದರೂ ಹೆಸರುಗಳನ್ನು ಬಿಟ್ಟಿದ್ದೇನೆ, ಮೊತ್ತಗಳನ್ನು ದುಂಡಾಗಿಸಿದ್ದೇನೆ. ವಿಡಿಯೊ ಮಾಡುವವರನ್ನು "ಗೆಳೆಯರು" ಎಂದೂ ಗೇಮ್ ತಯಾರಿಸಲು ಹೊರಟವರನ್ನು "ಸ್ಟುಡಿಯೊ" ಎಂದೂ ಕರೆಯುತ್ತೇನೆ. ಇಬ್ಬರಲ್ಲಿ ಯಾರೂ ಮೋಸ ಮಾಡಲೆಂದೇ ಹೊರಟವರು ಅಂತ ನನಗೆ ಅನ್ನಿಸಿಲ್ಲ. ಮೋಸಗಾರರ ಕತೆಯಾಗಿದ್ದರೆ ಅದರಿಂದ ಕಲಿಯುವುದೂ ಅಷ್ಟಾಗಿ ಇರುತ್ತಿರಲಿಲ್ಲ.

ಹಿನ್ನೆಲೆ

ಗೆಳೆಯರು ಇಂಗ್ಲೆಂಡಿನವರು. ಮೈನ್‌ಕ್ರಾಫ್ಟ್ ಅನ್ನುವ ಕಂಪ್ಯೂಟರ್ ಗೇಮ್ ಆಡುತ್ತಾ, ಹರಟುತ್ತಾ, ನಗುತ್ತಾ ವಿಡಿಯೊ ಮಾಡಿ ಹಾಕುತ್ತಿದ್ದರು. 2012ರ ಹೊತ್ತಿಗೆ ಬ್ರಿಟನ್ನಿನಲ್ಲಿ ಬಹಳ ಜನ ನೋಡುವ ಚಾನೆಲ್‌ಗಳಲ್ಲಿ ಅವರದೂ ಒಂದಾಗಿತ್ತು. ನೋಡುವವರಲ್ಲಿ ಚಿಕ್ಕ ವಯಸ್ಸಿನವರು ತುಂಬಾ ಇದ್ದರು. ಸ್ಕೂಲಿನಿಂದ ಬಂದು ಬ್ಯಾಗ್ ಇಟ್ಟ ಕೂಡಲೇ ಇವರ ವಿಡಿಯೊ ನೋಡುವ ಹುಡುಗನಿಗೆ ಇವರು ಪಕ್ಕದ ಮನೆ ಅಣ್ಣಂದಿರ ಹಾಗೆ. ಸಿನಿಮಾ ನಟನನ್ನು ನಾವು ದೂರದಿಂದ ನೋಡುತ್ತೇವೆ. ಇವರ ದನಿಯನ್ನು ಮಾತ್ರ ದಿನವೂ ನಮ್ಮ ಕೋಣೆಯಲ್ಲೇ ಕೇಳುತ್ತೇವೆ. ಈ ಹತ್ತಿರದ ಭಾವನೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಎಲ್ಲಾ ಅದರ ಮೇಲೇ ನಿಂತಿದೆ.

ಹೊಸ ಯೋಜನೆಗಳಿಗೆ ಜನರಿಂದ ಹಣ ಎತ್ತಲು ಇರುವ ಜಾಲತಾಣ ಕಿಕ್‌ಸ್ಟಾರ್ಟರ್. ಅದು ಶುರುವಾಗಿದ್ದು 2009ರಲ್ಲಿ. ಅಲ್ಲಿ ಒಂದು ಗುರಿ ಮೊತ್ತ ಮತ್ತು ಕೊನೆಯ ದಿನ ಹೇಳಿ ಹಣ ಕೇಳಬೇಕು. ಅಷ್ಟರೊಳಗೆ ಗುರಿ ಮುಟ್ಟದಿದ್ದರೆ ಯಾರ ಖಾತೆಯಿಂದಲೂ ಒಂದು ಪೈಸೆ ಹೋಗುವುದಿಲ್ಲ. ಮುಟ್ಟಿದರೆ ಬಂದದ್ದರಲ್ಲಿ ನೂರಕ್ಕೆ 5 ಭಾಗ ಕಿಕ್‌ಸ್ಟಾರ್ಟರ್‌ಗೆ ಹೋಗುತ್ತದೆ, ಹಣ ಪಾವತಿಯ ಶುಲ್ಕ ಬೇರೆ. 2012 ಗೇಮ್‌ಗಳಿಗೆ ಅಲ್ಲಿ ಸುಗ್ಗಿಯ ವರ್ಷ. ಆ ವರ್ಷದ ಫೆಬ್ರವರಿ ಮತ್ತು ಮಾರ್ಚ್‌ನಲ್ಲಿ ಅಮೆರಿಕದ ಒಂದು ಹೆಸರಾದ ಗೇಮ್ ಕಂಪನಿ 33 ಲಕ್ಷ ಡಾಲರ್ ಎತ್ತಿತ್ತು. ಎಲ್ಲರ ಕಣ್ಣೂ ಆ ಕಡೆ ತಿರುಗಿತು.

ಆ ಸುಗ್ಗಿಯಲ್ಲೇ ಗೆಳೆಯರ ಹೆಸರಿನ ಗೇಮ್ ಕೂಡ ಬಂತು. ವಿಶಾಲವಾದ ಒಂದು ಲೋಕ, ಅದರಲ್ಲಿ ಆಡುವವರು ತಮ್ಮದೇ ಬೆಟ್ಟ, ಊರು, ಕತೆ ಕಟ್ಟಿಕೊಳ್ಳಬಹುದು. ಒಳಗೆ ಗೆಳೆಯರೇ ಪಾತ್ರಗಳು. ಕನಸು ಚೆನ್ನಾಗಿತ್ತು. ಅದನ್ನು ಕಟ್ಟಲು ಹೊರಟಿದ್ದು ಮಾತ್ರ ಬೇರೆಯವರು, ಐದಾರು ಜನರ ಒಂದು ಹೊಸ ಸ್ಟುಡಿಯೊ. ಇಷ್ಟು ದೊಡ್ಡ ಗೇಮ್ ಮಾಡಿ ಮುಗಿಸಿದ ಅನುಭವ ಅವರಿಗೆ ಇರಲಿಲ್ಲ. ಕಿಕ್‌ಸ್ಟಾರ್ಟರ್‌ನಲ್ಲಿ ಯೋಜನೆ ಇದ್ದದ್ದು ಆ ಸ್ಟುಡಿಯೊದ ಹೆಸರಲ್ಲಿ, ಹಣ ಹೋಗುವುದೂ ಅದರ ಖಾತೆಗೆ. ಗೆಳೆಯರು ತಮ್ಮ ಹೆಸರಲ್ಲೇ ಹಾಕುವ ಹಾಗೂ ಆಗ ಇರಲಿಲ್ಲ, ಬ್ರಿಟನ್ನಿನವರು ಅಲ್ಲಿ ಸ್ವಂತ ಯೋಜನೆ ಹಾಕಲು ಅವಕಾಶವಾಗಿದ್ದೇ 2012ರ ಅಕ್ಟೋಬರ್ ಕೊನೆಗೆ.

ಹೀಗೆ ಮೊದಲ ದಿನವೇ ಒಂದು ಬಿರುಕು ಇತ್ತು. ಜನ ಹಣ ಕೊಡುವುದು ಗೆಳೆಯರ ಮುಖ ನೋಡಿ. ಕಾಗದದ ಮೇಲೆ ಹೊಣೆ ಹೊತ್ತಿರುವುದು ಸ್ಟುಡಿಯೊ. ಹಣ ಕೊಟ್ಟ ಹದಿನಾರರ ಹುಡುಗನಿಗೆ ಈ ವ್ಯತ್ಯಾಸ ಕಂಡಿರುತ್ತದೆಯೇ? ಕಂಡಿರಲಾರದು. ದೊಡ್ಡವರಿಗೂ ಕಂಡಿರಲಾರದು.

ಹಣ ಬಂತು

ಕೇಳಿದ್ದು ಎರಡೂವರೆ ಲಕ್ಷ ಡಾಲರ್. ಬಂದದ್ದು ಐದೂವರೆ ಲಕ್ಷಕ್ಕೂ ಜಾಸ್ತಿ. ಆಗಿನ ದರದಲ್ಲಿ ಸುಮಾರು 3 ಕೋಟಿ ರೂಪಾಯಿ. ಕೊಟ್ಟವರು 13 ಸಾವಿರಕ್ಕೂ ಹೆಚ್ಚು ಜನ, ಅಂದರೆ ತಲೆಗೆ 40 ಡಾಲರ್ ಚಿಲ್ಲರೆ. ಒಬ್ಬೊಬ್ಬರದು ಸಣ್ಣ ಮೊತ್ತ, ಸೇರಿದಾಗ ದೊಡ್ಡ ರಾಶಿ.

ಕೇಳಿದ್ದಕ್ಕಿಂತ ಎರಡು ಪಟ್ಟು ಬಂದಾಗ ಯಾರಿಗೂ ಸಂತೋಷವೇ ಆಗುತ್ತದೆ. ಆದರೆ ಹಣ ದುಪ್ಪಟ್ಟಾದರೆ ಕೆಲಸ ಬಲ್ಲವರ ಸಂಖ್ಯೆಯೇನೂ ದುಪ್ಪಟ್ಟಾಗುವುದಿಲ್ಲ. ಅದೇ ಐದಾರು ಜನ. ನಿರೀಕ್ಷೆ ಮಾತ್ರ ಬೆಳೆಯಿತು. ನಮ್ಮ ಅಳತೆಗೆ ಮೀರಿದ ಯೋಜನೆ ಹಾಕಿಕೊಂಡೆವು ಎಂದು ಸ್ಟುಡಿಯೊದ ಮುಖ್ಯಸ್ಥ ಆಮೇಲೆ ಒಪ್ಪಿಕೊಂಡ.

ಮೊದಲ ತಿರುವು: ಒಂದು ಕಾಗದದಲ್ಲಿ ಬಿಟ್ಟುಹೋದ ಸಾಲು

ಇಲ್ಲಿಂದ ಮುಂದೆ ಹಣದ ವಿಷಯವಾಗಿ ಹೇಳುವುದೆಲ್ಲ ಆ ಮುಖ್ಯಸ್ಥ ಯೋಜನೆ ನಿಂತ ಮೇಲೆ ಎಲ್ಲರ ಮುಂದಿಟ್ಟ ವಿವರಣೆಯ ಪ್ರಕಾರ.

ಸ್ಟುಡಿಯೊ ಕಲಾವಿದರನ್ನು ಕರಾರಿನ ಮೇಲೆ ತೆಗೆದುಕೊಂಡಿತು. ಪ್ರತಿಯೊಬ್ಬರಿಗೂ 35 ಸಾವಿರ ಡಾಲರ್, ಅಂದರೆ ಆಗಿನ 19 ಲಕ್ಷ ರೂಪಾಯಿ ಹತ್ತಿರ, ಒಂದೇ ಗಂಟಿನಲ್ಲಿ ಮೊದಲೇ ಕೊಟ್ಟಿತು. ಅವರಲ್ಲಿ ಒಬ್ಬರಿಗೆ ಎರಡು ವಾರದಲ್ಲೇ ದೊಡ್ಡ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತು. ಅವರು ಹೊರಟುಹೋದರು. ಕೆಲಸವನ್ನು ಅರ್ಧಕ್ಕೆ ಬಿಟ್ಟರೆ ಹಣ ಏನಾಗಬೇಕು ಅನ್ನುವುದು ಕರಾರಿನಲ್ಲಿ ಸ್ಪಷ್ಟವಾಗಿ ಇರಲಿಲ್ಲ. ಹಣ ವಾಪಸ್ ಬರಲಿಲ್ಲ.

ನಾನು ಈ ಪ್ರಕರಣದಲ್ಲಿ ಜಾಸ್ತಿ ಹೊತ್ತು ನಿಲ್ಲುವುದು ಇಲ್ಲೇ. ಮನೆ ಕಟ್ಟಿಸಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಮೇಸ್ತ್ರಿಗೆ ಪೂರ್ತಿ ಹಣ ಮೊದಲೇ ಯಾರಾದರೂ ಕೊಡುತ್ತಾರಾ? ಪಾಯಕ್ಕೆ ಇಷ್ಟು, ಗೋಡೆ ಎದ್ದ ಮೇಲೆ ಇಷ್ಟು, ತಾರಸಿಗೆ ಇಷ್ಟು. ಓದು ಬರಹ ಬಾರದವರೂ ಹೀಗೇ ಕೊಡುತ್ತಾರೆ. ಏಕೆಂದರೆ ಅದು ಬೆವರು ಸುರಿಸಿ ಕೂಡಿಟ್ಟ ಸ್ವಂತ ಹಣ. ಅಭಿಮಾನಿಗಳ ಹಣ ಕೈಗೆ ಬಂದಾಗ ಆ ಎಚ್ಚರ ಸಡಿಲವಾಗುತ್ತದೆ. ಸಾಲವಾದರೆ ತೀರಿಸಬೇಕು, ಪಾಲುದಾರಿಕೆಯಾದರೆ ಲಾಭ ಹಂಚಬೇಕು. ಇದು ಎರಡೂ ಅಲ್ಲ. ಬ್ಯಾಂಕಿನವರ ಹಾಗೆ ತಿಂಗಳಿಗೊಮ್ಮೆ ಫೋನ್ ಮಾಡುವವರೂ ಯಾರೂ ಇಲ್ಲ.

ಎರಡನೇ ತಿರುವು: ಉಳಿದ ಹಣ ಕೈ ಬದಲಾಯಿತು

ಕಲಾವಿದರ ವಿಷಯ ಗೊತ್ತಾದಾಗ ಗೆಳೆಯರಿಗೆ ಗಾಬರಿಯಾಯಿತು. ಆಗಬೇಕಾದ್ದೇ. ಹೆಸರು ಅವರದಲ್ಲವೇ? ಉಳಿದಿದ್ದರಲ್ಲಿ ಒಂದೂವರೆ ಲಕ್ಷ ಡಾಲರನ್ನು ತಮಗೆ ವರ್ಗಾಯಿಸಬೇಕು ಎಂದು ಕೇಳಿದರು. ಹಣ ಕೊಟ್ಟವರ ಮನೆಗೆ ಕಳಿಸಬೇಕಿದ್ದ ಉಡುಗೊರೆಗಳನ್ನು ತಾವು ನೋಡಿಕೊಳ್ಳುತ್ತೇವೆ, ಗೇಮ್‌ಗೆ ಮುಖ್ಯ ಪ್ರೋಗ್ರಾಮರ್ ಒಬ್ಬರನ್ನೂ ಹುಡುಕುತ್ತೇವೆ ಅನ್ನುವುದು ಮಾತಾಗಿತ್ತು. ಸ್ಟುಡಿಯೊ ಹಣ ಕಳಿಸಿತು.

ಆ ಪ್ರೋಗ್ರಾಮರ್ ಬರಲೇ ಇಲ್ಲ. ವರ್ಗಾಯಿಸಿದ ಹಣ ಹೇಗೆ ಖರ್ಚಾಯಿತು ಅನ್ನುವುದು ತನಗೆ ಗೊತ್ತಿಲ್ಲ ಎಂದು ಸ್ಟುಡಿಯೊದವನು ಬರೆದ.

ಗೆಳೆಯರ ತೀರ್ಮಾನ ತಪ್ಪು ಅಂತ ನಾನು ಸುಲಭವಾಗಿ ಹೇಳಲಾರೆ. ನೀರು ಸೋರುತ್ತಿರುವ ಕೊಡವನ್ನು ಕಿತ್ತುಕೊಳ್ಳುವುದು ಸಹಜ. ಆದರೆ ಹಣದ ಒಂದು ಭಾಗವನ್ನು ಕೈಗೆ ತೆಗೆದುಕೊಂಡ ಕ್ಷಣಕ್ಕೆ ಅವರು ಬರೀ ಹೆಸರು ಕೊಟ್ಟವರಾಗಿ ಉಳಿಯಲಿಲ್ಲ. ಹೊಣೆಯೂ ಅವರ ಹೆಗಲಿಗೆ ಬಂತು. ಅವತ್ತೇ 13 ಸಾವಿರ ಜನರಿಗೆ ಒಂದು ಪತ್ರ ಬರೆಯಬಹುದಿತ್ತು. ಇಷ್ಟು ಬಂದಿತ್ತು, ಇಷ್ಟು ಖರ್ಚಾಗಿದೆ, ಇಲ್ಲೊಂದು ತಪ್ಪಾಗಿದೆ, ಉಳಿದದ್ದು ಇಂಥವರ ಹತ್ತಿರ ಇದೆ, ಮುಂದುವರಿಸೋಣವಾ ನಿಲ್ಲಿಸೋಣವಾ ಎಂದು ಕೇಳಬಹುದಿತ್ತು. ಆಗ ಇನ್ನೂ ಹಂಚಲು ಏನಾದರೂ ಉಳಿದಿತ್ತು. ಈ ಇಡೀ ಪ್ರಕರಣದಲ್ಲಿ ಸರಿಪಡಿಸಲು ಸಿಕ್ಕ ದೊಡ್ಡ ಅವಕಾಶ ಅದೇ ಅಂತ ನನ್ನ ಅನಿಸಿಕೆ. ಎರಡು ಕಡೆಯವರೂ ಅದನ್ನು ಒಳಗೊಳಗೇ ಇಟ್ಟುಕೊಂಡರು.

ನಿಂತುಹೋದದ್ದು

ಆಮೇಲೆ ಅರೆಬೆಂದ ಆವೃತ್ತಿಗಳು ಬಂದವು. ಹಣ ಕೊಟ್ಟವರು ಆಡಿ ನೋಡಿದರು, ನಿರಾಸೆಪಟ್ಟರು. 2014ರ ಜುಲೈನಲ್ಲಿ ಗೆಳೆಯರ ಕಡೆಯಿಂದ ಎಲ್ಲರಿಗೂ ಒಂದು ಮೇಲ್ ಹೋಯಿತು. ಸ್ಟುಡಿಯೊ ಕೆಲಸ ನಿಲ್ಲಿಸಿದೆ, ಬದಲಿಗೆ ಬೇರೆಯವರು ಮಾಡುತ್ತಿರುವ ಇಂಥದ್ದೇ ಇನ್ನೊಂದು ಗೇಮ್ ನಿಮಗೆ ಸಿಗುತ್ತದೆ ಎಂದಿತ್ತು ಅದರಲ್ಲಿ. ನಮಗೆ ಏನೂ ಮಾಡಬೇಕಾದ ಬಾಧ್ಯತೆ ಇಲ್ಲದಿದ್ದರೂ ನಿಮಗೆ ನ್ಯಾಯ ಒದಗಿಸಲು ನೋಡುತ್ತೇವೆ ಅನ್ನುವ ಅರ್ಥದ ಮಾತೂ ಇತ್ತು.

ಬೆಂಕಿ ಹೊತ್ತಿದ್ದು ಆ ಮಾತಿಗೆ. ಕಾನೂನಿನ ಪ್ರಕಾರ ಅದು ಸರಿಯೇ ಇದ್ದಿರಬಹುದು, ಏಕೆಂದರೆ ಕಿಕ್‌ಸ್ಟಾರ್ಟರ್‌ನಲ್ಲಿ ಹೆಸರು ಸ್ಟುಡಿಯೊದ್ದು. ಆದರೆ ಹಣ ಕೊಟ್ಟ ಹುಡುಗನ ಕಡೆಯಿಂದ ಒಮ್ಮೆ ಯೋಚಿಸಿ. ಅವನು ಆ ಸ್ಟುಡಿಯೊದ ಹೆಸರನ್ನು ಅದಕ್ಕೆ ಮುಂಚೆ ಕೇಳಿಯೇ ಇರಲಿಲ್ಲ. ಅವನು ಕೊಟ್ಟಿದ್ದು ದಿನಾ ಸಂಜೆ ಕೇಳುತ್ತಿದ್ದ ಆ ದನಿಗೆ. ಈಗ ಅದೇ ದನಿ ಬಾಧ್ಯತೆ ಇಲ್ಲ ಅನ್ನುತ್ತಿದೆ. 40 ಡಾಲರ್ ಹೋದದ್ದಕ್ಕಿಂತ ಇದು ಜಾಸ್ತಿ ನೋವು ಅಲ್ವಾ? ಬದಲಿಗೆ ಕೊಟ್ಟ ಆ ಇನ್ನೊಂದು ಗೇಮ್ ಕೂಡ ಮುಂದೆ ಪೂರ್ತಿಯಾಗಲಿಲ್ಲ.

ಇದಾದ ಮೇಲೆ ಸ್ಟುಡಿಯೊದ ಮುಖ್ಯಸ್ಥ ಉದ್ದದ ಪತ್ರ ಬರೆದು ಖರ್ಚನ್ನು ಬಿಡಿಸಿಟ್ಟ, ಕ್ಷಮೆ ಕೇಳಿದ. ಪ್ರಾಮಾಣಿಕವಾದ ಪತ್ರ ಅದು. ಆದರೆ ಬಂದದ್ದು ಎರಡು ವರ್ಷ ತಡವಾಗಿ.

ಕಿಕ್‌ಸ್ಟಾರ್ಟರ್ ಅದೇ ವರ್ಷ ಅಕ್ಟೋಬರ್‌ನಲ್ಲಿ ಹೊಸ ನಿಯಮ ಜಾರಿಗೆ ತಂದಿತು. ಯೋಜನೆ ಮುಗಿಸಲಾಗದವರು ಏನು ಮಾಡಬೇಕು, ಹಣ ಹೇಗೆ ಬಳಸಿದರು ಎಂದು ಹೇಗೆ ವಿವರಿಸಬೇಕು ಅನ್ನುವುದನ್ನು ಮೊದಲಿಗಿಂತ ಬಿಡಿಸಿ ಬರೆಯಿತು.

ಹಾಗಾದರೆ ಕೇಳಲೇಬಾರದಾ?

ಕೇಳಬಹುದು ಅಂತಲೇ ನನ್ನ ಉತ್ತರ. ನಮ್ಮಲ್ಲೇ ಉದಾಹರಣೆ ಇದೆ. ನಿರ್ಮಾಪಕರು ಸಿಗದಿದ್ದಾಗ ನಿರ್ದೇಶಕ ಪವನ್ ಕುಮಾರ್ ತಮ್ಮ ಬ್ಲಾಗಿನಲ್ಲಿ ಬರೆದುಕೊಂಡು ಜನರ ಹಣ ಕೇಳಿದರು. 110 ಜನರಿಂದ ಒಂದು ತಿಂಗಳೊಳಗೆ ಸುಮಾರು 50 ಲಕ್ಷ ರೂಪಾಯಿ ಬಂತು. 2013ರಲ್ಲಿ ಆ ಸಿನಿಮಾ, ಲೂಸಿಯಾ, ತೆರೆಗೆ ಬಂತು. ಅಲ್ಲಿ ಕೇಳಿದವರೇ ಮಾಡುವವರು. ಸಿನಿಮಾ ಕೆಟ್ಟರೂ ನಿಂತರೂ ಜನ ಹೋಗಿ ಕೇಳಬೇಕಾದ್ದು ಒಬ್ಬರನ್ನೇ, ಅದು ಎಲ್ಲರಿಗೂ ಮೊದಲೇ ಗೊತ್ತಿತ್ತು.

ಊರಿನ ಗಣಪತಿ ಚಂದಾ ನೆನೆಸಿಕೊಳ್ಳಿ. ನಾಲ್ಕು ಹುಡುಗರು ರಸೀದಿ ಪುಸ್ತಕ ಹಿಡಿದು ಬಾಗಿಲಿಗೆ ಬರುತ್ತಾರೆ. ಅವರಲ್ಲಿ ಒಬ್ಬ ನಮ್ಮ ಮೇಷ್ಟ್ರ ಮಗ ಅಂತ ಗೊತ್ತಾದರೆ ನೂರು ಕೊಡುವ ಕಡೆ ಇನ್ನೂರು ಕೊಡುತ್ತೇವೆ. ಶಾಮಿಯಾನದವನು ಮುಂಗಡ ತೆಗೆದುಕೊಂಡು ಹಬ್ಬದ ದಿನ ಬರದೇ ಹೋದ ಅಂತಿಟ್ಟುಕೊಳ್ಳಿ. ನಾವು ಶಾಮಿಯಾನದವನನ್ನು ಹುಡುಕಿಕೊಂಡು ಹೋಗುತ್ತೇವಾ? ಮೇಷ್ಟ್ರ ಮಗನನ್ನು ನಿಲ್ಲಿಸಿ ಕೇಳುತ್ತೇವೆ. ಅವನಿಗೂ ಅದು ಗೊತ್ತು. ಅದಕ್ಕೇ ಹಬ್ಬ ಮುಗಿದ ಮೇಲೆ ಜಮಾ ಖರ್ಚು ಬರೆದು ಪೆಂಡಾಲಿನ ಕಂಬಕ್ಕೆ ಅಂಟಿಸುತ್ತಾನೆ. ಹೂವಿಗೆ ಇಷ್ಟು, ಮೈಕ್‌ಗೆ ಇಷ್ಟು, ಪ್ರಸಾದಕ್ಕೆ ಇಷ್ಟು, ಉಳಿದದ್ದು ಇಷ್ಟು.

ಇಂಗ್ಲೆಂಡಿನ ಗೆಳೆಯರು ಮೇಷ್ಟ್ರ ಮಗನ ಜಾಗದಲ್ಲಿ ನಿಂತಿದ್ದರು. ಆದರೆ ತಾವು ಬರೀ ಪೋಸ್ಟರಿನಲ್ಲಿ ಇದ್ದವರು ಅಂದುಕೊಂಡರು.

ಒಂದು ವಾದವನ್ನು ನಾನು ಹಲವು ಸಲ ಕೇಳಿದ್ದೇನೆ. ಅಭಿಮಾನಿಗಳು ಪ್ರೀತಿಯಿಂದ ಕೊಡುತ್ತಾರೆ, ಯಾರೂ ಬಲವಂತ ಮಾಡಿಲ್ಲ, ಕೊಟ್ಟ ಮೇಲೆ ಲೆಕ್ಕ ಕೇಳುವುದು ಸಣ್ಣತನ ಎಂದು. ನನಗೆ ಇದು ಒಪ್ಪಿಗೆಯಿಲ್ಲ. ಪ್ರೀತಿಯಿಂದ ಕೊಟ್ಟವರಿಗೆ ಬಾಯಿಬಿಟ್ಟು ಕೇಳಲು ಸಂಕೋಚ ಇರುತ್ತದೆ. ನಾನು ಕೊಟ್ಟ ಐನೂರು ಏನಾಯಿತು ಎಂದು ಕೇಳಿದರೆ ಉಳಿದ ಅಭಿಮಾನಿಗಳೇ ಮೇಲೆ ಬೀಳುತ್ತಾರೆ. ಬ್ಯಾಂಕಿಗೆ ಆ ಸಂಕೋಚ ಇಲ್ಲ, ಜಾಮೀನು ಕೇಳಿಯೇ ಕೊಡುತ್ತದೆ. ಅಭಿಮಾನಿ ಕೇಳುವುದಿಲ್ಲ. ಹಾಗಾಗಿ ಅವನು ಕೇಳದೇ ಇದ್ದಾಗಲೂ ಲೆಕ್ಕ ಕೊಡುವುದು ಹಣ ಪಡೆದವರ ಕೆಲಸ.

ನಮ್ಮಲ್ಲಿ ಇದು ಇನ್ನೂ ಸೂಕ್ಷ್ಮ

ಕನ್ನಡದ ಚಾನೆಲ್‌ಗಳಲ್ಲಿ ಹಣ ಕೇಳುವುದು ಹೆಚ್ಚಾಗಿ ಯುಪಿಐ ಮೂಲಕ. ಪರದೆ ಮೇಲೆ ಕ್ಯೂಆರ್ ಕೋಡ್, ಫೋನ್ ಹಿಡಿದರೆ ಮುಗಿಯಿತು. ಕಿಕ್‌ಸ್ಟಾರ್ಟರ್‌ನಲ್ಲಿ ಇರುವ ಆ ಗುರಿಯ ತಡೆ ಇಲ್ಲಿಲ್ಲ. ಐದು ಲಕ್ಷ ಬೇಕು ಎಂದು ಕೇಳಿ 40 ಸಾವಿರ ಬಂದರೆ, ಆ 40 ಸಾವಿರ ಆಗಲೇ ಖಾತೆಗೆ ಬಂದು ಕೂತಿರುತ್ತದೆ. ಸಾಕ್ಷ್ಯಚಿತ್ರ ಆಗುವುದಿಲ್ಲ, ಹಣವೂ ಹಿಂದಕ್ಕೆ ಹೋಗುವುದಿಲ್ಲ. ಸುಮ್ನೆ ಹಾಗೇ ಕರಗುತ್ತದೆ. ಆದ್ದರಿಂದ ಇಂಥ ದಿನದೊಳಗೆ ಇಷ್ಟು ಸೇರದಿದ್ದರೆ ವಾಪಸ್ ಕಳಿಸುತ್ತೇನೆ ಎಂದು ಕೇಳುವ ವಿಡಿಯೊದಲ್ಲೇ ಹೇಳಬೇಕು. ಆ ಹಣಕ್ಕೆ ಬೇರೆ ಖಾತೆ ಇಡಬೇಕು. ಮನೆಯ ಹಾಲಿನ ಬಿಲ್ಲು ಹೋಗುವ ಖಾತೆಯಲ್ಲೇ ಅಭಿಮಾನಿಗಳ ಹಣವೂ ಇದ್ದರೆ ತಿಂಗಳ ಕೊನೆಗೆ ಯಾವುದು ಯಾರದ್ದು ಎಂದು ಹೇಳುವವರಾರು?

ತೆರಿಗೆಯನ್ನೂ ಜನ ಮರೆಯುತ್ತಾರೆ. ಸಂಬಂಧಿಕರಲ್ಲದವರಿಂದ ವರ್ಷಕ್ಕೆ ಒಟ್ಟು 50 ಸಾವಿರ ರೂಪಾಯಿಗಿಂತ ಹೆಚ್ಚು ಹಣ ಉಡುಗೊರೆಯಾಗಿ ಬಂದರೆ ಪೂರ್ತಿ ಮೊತ್ತವನ್ನು ಆದಾಯಕ್ಕೆ ಸೇರಿಸಬೇಕಾಗುತ್ತದೆ. ನೂರು ನೂರು ರೂಪಾಯಿ ಆಗಿ ಬಂದರೂ ಲೆಕ್ಕ ಒಟ್ಟು ಮೊತ್ತದ್ದೇ. ಅದರಲ್ಲೂ ಅಮೆರಿಕ, ಇಂಗ್ಲೆಂಡ್, ಕೊಲ್ಲಿ ದೇಶಗಳಲ್ಲಿರುವ ಕನ್ನಡಿಗರು ಊರಿನ ಕೆರೆ ಅಂದರೆ ಕರಗಿಹೋಗುತ್ತಾರೆ, ಕೇಳಿದ ಕೂಡಲೇ ಕಳಿಸುತ್ತಾರೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿರುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅನ್ನಿಸುವುದಿಲ್ಲ. ಬೇರೆ ದೇಶದ ಪೌರತ್ವ ತೆಗೆದುಕೊಂಡವರ ವಿಷಯ ಹಾಗಲ್ಲ. ಅವರು ನಮ್ಮೂರಿನಲ್ಲೇ ಹುಟ್ಟಿದ್ದರೂ, ಭಾರತ ಮೂಲದ ವಿದೇಶಿ ಪೌರರಿಗೆ ಸರ್ಕಾರ ಕೊಡುವ ಒಸಿಐ ಕಾರ್ಡ್ ಇದ್ದರೂ, 2010ರ ವಿದೇಶಿ ದೇಣಿಗೆ ಕಾಯ್ದೆಯ ಕಣ್ಣಿಗೆ ಅವರು ವಿದೇಶಿ ಮೂಲವೇ. ಕ್ಯೂಆರ್ ಕೋಡ್ ಹಾಕುವ ಮುಂಚೆ ಆಡಿಟರ್ ಹತ್ತಿರ ಅರ್ಧ ಗಂಟೆ ಕೂತು ಬಂದರೆ ಈ ತಲೆನೋವು ತಪ್ಪುತ್ತದೆ.

ಅಕ್ಕನ ಮಗನ ವಿಷಯ

ಇದನ್ನೆಲ್ಲ ಫೋನಿನಲ್ಲಿ ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಬೇಜಾರಾಯಿತೇನೋ ಅಂದುಕೊಂಡೆ. ಆಮೇಲೆ, "ಮಾವ, ಡ್ರೋನ್ ಹಾರಿಸೋದು ಒಬ್ಬ, ಎಡಿಟಿಂಗ್ ಮಾಡೋದು ಇನ್ನೊಬ್ಬ. ನಾನೂ ಬರೀ ಮುಖ ತಾನೆ?" ಅಂದ. ಅವನಿಗೆ ಪ್ರಕರಣ ಅರ್ಥವಾಗಿತ್ತು.

ಎರಡು ವಾರದಲ್ಲಿ ಅವನು ಯೋಜನೆಯನ್ನೇ ಚಿಕ್ಕದು ಮಾಡಿದ. ಹತ್ತು ಕೆರೆ ಅಂದುಕೊಂಡಿದ್ದನ್ನು ಬಿಟ್ಟು ಮೊದಲು ಒಂದೇ ಕೆರೆ, ಅದೂ ಕೈಯಿಂದ ಖರ್ಚು ಹಾಕಿ. ಅದನ್ನು ತೋರಿಸಿ ಉಳಿದದ್ದಕ್ಕೆ ಕೇಳುವುದು ಅಂತ ಇಟ್ಟುಕೊಂಡ. ಡ್ರೋನ್‌ಗೆ ದಿನದ ಬಾಡಿಗೆ. ಎಡಿಟಿಂಗ್ ಹಣ ಮೂರು ಕಂತಿನಲ್ಲಿ, ಒಂದೊಂದು ಭಾಗ ಕೈಗೆ ಬಂದ ಮೇಲೆ ಒಂದೊಂದು ಕಂತು. ನನಗೆ ಕಷ್ಟ ಅನ್ನಿಸಿದ್ದು ಕರಾರಿನ ಕಾಗದ. "ಅವನು ಸ್ಕೂಲಿಂದ ನನ್ನ ಫ್ರೆಂಡು ಮಾವ. ಬರೆದು ಕೊಡು ಅಂತ ಹೇಗೆ ಕೇಳ್ಲಿ?" ಅಂದ. ಇನ್ನೂ ಹಣ ಬಂದಿಲ್ಲ, ಈಗ ಕೇಳಿದರೆ ಗೆಳೆತನ ಕೆಡುವುದಿಲ್ಲ, ಬಂದ ಮೇಲೆ ಕೇಳಿದರೆ ಅನುಮಾನಪಟ್ಟ ಹಾಗೆ ಆಗುತ್ತದೆ ಅಂದೆ.

ಮೊನ್ನೆ ಭಾನುವಾರ ವಾಟ್ಸಾಪಿನಲ್ಲಿ ಒಂದು ಫೋಟೊ ಕಳಿಸಿದ. ಗೆರೆ ಎಳೆದ ನೋಟ್‌ಬುಕ್ಕಿನ ಹಾಳೆ, ನೀಲಿ ಪೆನ್ನಿನಲ್ಲಿ ಬರೆದದ್ದು. ಕೆಲಸ ಅರ್ಧಕ್ಕೆ ಬಿಟ್ಟರೆ ಮಾಡದ ಭಾಗದ ಹಣವನ್ನು 30 ದಿನದೊಳಗೆ ವಾಪಸ್ ಕೊಡತಕ್ಕದ್ದು ಎಂದು ಕೊನೆಯ ಸಾಲು. ಕೆಳಗೆ ಇಬ್ಬರ ಸಹಿ. ಕ್ಯೂಆರ್ ಕೋಡ್ ಇನ್ನೂ ಹಾಕಿಲ್ಲ. ಮೊದಲ ಕೆರೆಯ ಶೂಟಿಂಗ್ ಮುಂದಿನ ವಾರ.